ಮನೋವೈದ್ಯರನ್ನು ಕೇಳಿ: ಕುಡಿತ, ಗಾಂಜಾ, ಕೋರ್ಟು ಕೇಸು (ಶನಿವಾರದ ಪ್ರಶ್ನೋತ್ತರ)

ಅಡ್ಮಿನ್: ನಮಸ್ಕಾರ. ಇವತ್ತು ಸಂಜೆ ಡಾಕ್ಟರ್ ಮೇಡಂ ಇದ್ದಾರೆ. ಕುಡಿತ ಅಥವಾ ಡ್ರಗ್ಸ್ ವಿಷಯದಲ್ಲಿ ಮನೆಯವರ ಮೇಲೆ ಕೇಸ್ ಇದ್ದು, ಚಿಕಿತ್ಸೆ ಹೇಗೆ ಅಂತ ಗೊತ್ತಾಗದವರು ಕೇಳಬಹುದು. ಹೆಸರು, ಕೇಸ್ ನಂಬರ್ ಹಾಕಬೇಡಿ.

ಸುರತ್ಕಲ್ ಅಮ್ಮ: ಮೇಡಂ, ಮಗನಿಗೆ 21. ಪೊಲೀಸರು ಹಿಡಿದು ಮೂತ್ರ ಪರೀಕ್ಷೆ ಮಾಡಿಸಿದ್ರು, ಗಾಂಜಾ ಪಾಸಿಟಿವ್. ಕೈಯಲ್ಲಿ ಎಂತ ಇರ್ಲಿಲ್ಲ. 27ನೇ ಸೆಕ್ಷನ್ ಹಾಕಿದ್ದಾರೆ. ಡಿ-ಅಡಿಕ್ಷನ್ ಸರ್ಟಿಫಿಕೇಟ್ ಒಂದು ತಂದ್ರೆ ಕೇಸ್ ಬಿದ್ದು ಹೋಗ್ತದೆ ಅಂತ ಪರಿಚಯದವರೊಬ್ರು ಹೇಳಿದ್ರು. ಹೌದಾ?

ಡಾಕ್ಟರ್: ಇಲ್ಲಮ್ಮ, ಸರ್ಟಿಫಿಕೇಟಿನಿಂದ ಬೀಳುದಿಲ್ಲ. ಚಿಕಿತ್ಸೆಯಿಂದ ದಾರಿ ಉಂಟು. ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ 64ಎ ಸೆಕ್ಷನ್ ಅಂತ ಉಂಟು. ಚಟಕ್ಕೆ ಬಿದ್ದವನು ತಾನಾಗಿ ಮುಂದೆ ಬಂದು, ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ತಗೊಂಡ್ರೆ ವಿಚಾರಣೆಯಿಂದ ವಿನಾಯಿತಿ ಸಿಗಬಹುದು. ಅರ್ಧಕ್ಕೆ ಬಿಟ್ರೆ ಆ ವಿನಾಯಿತಿ ವಾಪಸ್ ಹೋಗ್ತದೆ. ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರ್ಕೊಂಡು ಬನ್ನಿ, ಓಪಿಡಿ ಚೀಟಿಯಿಂದ ಹಿಡಿದು ಎಲ್ಲ ಕಾಗದ ಜೋಪಾನವಾಗಿಡಿ. ಒಂದು ಕೇಳ್ತೇನೆ: ಅವನಿಗೆ ನಿದ್ದೆ ಹೇಗುಂಟು? ಯಾರೋ ತನ್ನ ಬಗ್ಗೆ ಮಾತಾಡ್ತಾರೆ, ಹಿಂದೆ ಬರ್ತಾರೆ ಅಂತ ಹೇಳ್ತಾನಾ?

ವಕೀಲ, ಕಾರಂಗಲ್ಪಾಡಿ: ಮೇಡಂ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೇನೆ. ಗಾಂಜಾ ಸೇವನೆಗೆ 27ರಲ್ಲಿ ಗರಿಷ್ಠ ಶಿಕ್ಷೆ 6 ತಿಂಗಳು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಪ್ಪಿತಸ್ಥ ಅಂತ ಆದ್ಮೇಲೂ 39ನೇ ಸೆಕ್ಷನ್ ಉಂಟು. ನ್ಯಾಯಾಧೀಶರು ಅವನ ಒಪ್ಪಿಗೆ ತಗೊಂಡು, ಜೈಲಿಗೆ ಕಳಿಸುವ ಬದಲು ಬಾಂಡ್ ಬರೆಸಿ ಚಿಕಿತ್ಸೆಗೆ ಕಳಿಸಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಕೋರ್ಟಿಗೆ ಕೊಡಬೇಕು. ಆದ್ರೆ ಯಾವುದೂ ತಾನಾಗಿ ಆಗುದಿಲ್ಲ, ನಿಮ್ಮ ವಕೀಲರು ಅರ್ಜಿ ಹಾಕಬೇಕು.

ಪಡುಬಿದ್ರಿ: ಸರ್ಟಿಫಿಕೇಟ್ ಎಲ್ಲಿ ಬೇಗ ಸಿಗ್ತದೆ ಮೇಡಂ?

ಡಾಕ್ಟರ್: ಚಿಕಿತ್ಸೆ ಮಾಡದೆ ನಾನು ಬರೆಯುದಿಲ್ಲ.

ಮಲ್ಪೆ ತಂಗಿ: ಡಾಕ್ಟ್ರೇ, ಅಣ್ಣನದ್ದೊಂದು ಹೊಡೆದಾಟದ ಕೇಸು, ಸೋಮವಾರ ಉಡುಪಿ ಕೋರ್ಟಲ್ಲಿ ಉಂಟು. ಬೋಟಿಗೆ ಹೋಗುವವ. ದಿನಕ್ಕೆ ಮೂರು ಕ್ವಾರ್ಟರ್ ಬೇಕು, ವರ್ಷಗಳಿಂದ. ಕುಡಿದು ಕೋರ್ಟಿಗೆ ಬಂದ್ರೆ ಜಾಮೀನು ಹೋಗ್ತದೆ ಅಂತ ಯಾರೋ ಹೆದರಿಸಿದ್ರು, ಗುರುವಾರ ರಾತ್ರಿಯಿಂದ ಮುಟ್ಟಲಿಲ್ಲ. ನಮಗೆ ಖುಷಿಯೇ. ಕುಡಿತ ಬಿಟ್ಟಿದ್ದಾನೆ ಅಂತ ಕೋರ್ಟಿಗೆ ಕೊಡ್ಲಿಕ್ಕೆ ಕಾಗದ ಸಿಗ್ತದಾ? ಮತ್ತೆ ನಿನ್ನೆಯಿಂದ ನಿದ್ದೆ ಇಲ್ಲ, ಮೈಯೆಲ್ಲ ಬೆವರು, ಕೈ ನಡುಗ್ತದೆ. ಗೋಡೆಯಲ್ಲಿ ಮೀನು ಹರಿದಾಡ್ತದೆ ಅಂತಾನೆ. ಹೊದಿಕೆಯನ್ನು ಬಲೆ ಎಳೆದ ಹಾಗೆ ಎರಡೂ ಕೈಯಲ್ಲಿ ಎಳೀತಾ ಇದ್ದಾನೆ.

ಡಾಕ್ಟರ್: ಮಲ್ಪೆ ತಂಗಿ, ಕಾಗದದ ವಿಷಯ ಬಿಡಿ. ಈಗಲೇ 108ಕ್ಕೆ ಫೋನ್ ಮಾಡಿ, ಅಜ್ಜರಕಾಡು ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಕರ್ಕೊಂಡು ಹೋಗಿ. ನಾಳೆ ಬೆಳಿಗ್ಗೆ ಅಲ್ಲ, ಈಗ.

ಹೊರಟ ಮೇಲೆ ಓದಿ. ಇದನ್ನು ಡಿಲಿರಿಯಮ್ ಟ್ರೆಮೆನ್ಸ್ ಅಂತೇವೆ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದ್ರೆ ಮೊದಲ ದಿನ ನಡುಕ, ಬೆವರು, ವಾಂತಿ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಗೊಂದಲ, ಇಲ್ಲದ್ದು ಕಾಣುವುದು, ಜ್ವರ, ಎದೆಬಡಿತ ಏರುವುದು. ನಿಮ್ಮ ಅಣ್ಣ ಈಗ ಸರಿಯಾಗಿ ಆ ಹೊತ್ತಿನಲ್ಲಿದ್ದಾನೆ. ಹೊದಿಕೆ ಎಳೆಯುದು ಹಠವೂ ಅಲ್ಲ, ನಾಟಕವೂ ಅಲ್ಲ. ಮಂಡೆ ಗೊಂದಲದಲ್ಲಿರುವಾಗ ಕೈ ತನ್ನ ದಿನದ ಕೆಲಸವನ್ನೇ ಮಾಡ್ತದೆ, ದರ್ಜಿ ಸೂಜಿಗೆ ನೂಲು ಪೋಣಿಸಿದ್ದನ್ನು ನಾನು ನೋಡಿದ್ದೇನೆ. ಚಿಕಿತ್ಸೆ ಇಲ್ಲದೆ ಬಿಟ್ರೆ ಇದು ಜೀವ ತೆಗೆಯುವ ಸ್ಥಿತಿ. ಹೊತ್ತಿಗೆ ಆಸ್ಪತ್ರೆಗೆ ಮುಟ್ಟಿದ್ರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಸರಿ ಆಗ್ತಾರೆ.

ಅಲ್ಲಿ ಡಾಕ್ಟರಿಗೆ ಹೇಳಬೇಕಾದದ್ದು: ಎಷ್ಟು ಕುಡೀತಿದ್ದ, ಕೊನೆಗೆ ಯಾವಾಗ ಕುಡಿದ, ಮೊದಲು ಫಿಟ್ಸ್ ಬಂದದ್ದುಂಟಾ, ಆ ಹೊಡೆದಾಟದಲ್ಲಿ ತಲೆಗೆ ಪೆಟ್ಟು ಬಿದ್ದದ್ದುಂಟಾ. ಕೊನೆಯದನ್ನು ಮರೀಬೇಡಿ, ತಲೆಯೊಳಗೆ ರಕ್ತಸ್ರಾವ ಆದ್ರೂ ಹೀಗೇ ಕಾಣ್ತದೆ. ದಾರಿಯಲ್ಲಿ ಸಣ್ಣ ಕ್ಲಿನಿಕ್‌ನಲ್ಲಿ ನಿಲ್ಲಿಸಿ ಗ್ಲೂಕೋಸ್ ಹಾಕಿಸಬೇಡಿ. ಕುಡಿತದವರಿಗೆ ಮೊದಲು ಥಯಾಮಿನ್, ಅಂದ್ರೆ ಬಿ1 ವಿಟಮಿನ್ ಇಂಜೆಕ್ಷನ್ ಹೋಗಬೇಕು, ಗ್ಲೂಕೋಸ್ ಆಮೇಲೆ. ತಪ್ಪಿದ್ರೆ ಮಿದುಳಿಗೇ ಏಟು. ಮನೆಯಲ್ಲಿರುವ ನಿದ್ದೆ ಮಾತ್ರೆ ಕೊಡಬೇಡಿ. ಫಿಟ್ಸ್ ಬಂದ್ರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಎಂತದ್ದೂ ತುರುಕಬೇಡಿ, ಕೈಯಲ್ಲಿ ಕಬ್ಬಿಣ ಹಿಡಿಸುವ ಕೆಲಸ ಬೇಡ.

ಕಟಪಾಡಿ: ಅಕ್ಕಾ, ಹೆದರಬೇಡಿ. ಬೊಂಡದ ನೀರಿಗೆ ಲಿಂಬೆ, ಸ್ವಲ್ಪ ಜೇನು ಹಾಕಿ ಮೂರು ಸಲ ಕೊಡಿ, ನಡುಕ ನಿಲ್ತದೆ. ನಮ್ಮ ಮಾವನಿಗೆ ನಿಂತಿದೆ.

ಡಾಕ್ಟರ್: ಗೊಂದಲದಲ್ಲಿರುವವನಿಗೆ ಕುಡಿಸಿದ್ರೆ ಶ್ವಾಸಕೋಶಕ್ಕೆ ಹೋಗ್ತದೆ. ದಯವಿಟ್ಟು ಆ ಮೆಸೇಜ್ ಅಳಿಸಿ. ಅವರೀಗ ಆಸ್ಪತ್ರೆಗೆ ಹೋಗಬೇಕು.

ಕಟಪಾಡಿ: ಒಳ್ಳೆದಕ್ಕೆ ಹೇಳಿದ್ದು ಮಾರ್ರೆ.

ಮಲ್ಪೆ ತಂಗಿ: ಆ್ಯಂಬುಲೆನ್ಸ್ ಬಂತು. ಸೋಮವಾರ ಕೋರ್ಟಿಗೆ ಹೋಗದಿದ್ರೆ ವಾರಂಟ್ ಆಗ್ತದಲ್ಲ ಡಾಕ್ಟ್ರೇ?

ವಕೀಲ, ಕಾರಂಗಲ್ಪಾಡಿ: ಆಗುದಿಲ್ಲ ತಂಗಿ. ಅಡ್ಮಿಟ್ ಆದ ಕಾಗದದ ಫೋಟೋ ನಿಮ್ಮ ವಕೀಲರಿಗೆ ಇವತ್ತೇ ಕಳಿಸಿ. ಆ ದಿನದ ಹಾಜರಾತಿಗೆ ವಿನಾಯಿತಿ ಕೇಳಿ ಅರ್ಜಿ ಹಾಕ್ತಾರೆ. ಆಸ್ಪತ್ರೆಯಲ್ಲಿ ಮಲಗಿದವನನ್ನು ಕೋರ್ಟು ಎಳೆದು ತರಿಸುದಿಲ್ಲ. ಹೇಳದೆ ಕೇಳದೆ ತಪ್ಪಿಸಿದ್ರೆ ಮಾತ್ರ ತೊಂದರೆ.

ಕೊಟ್ಟಾರ: ಹೊಡೆದಾಟ ಮಾಡಿದವನಿಗೆ ಸರಕಾರಿ ಹಾಸಿಗೆ, ಪುಕ್ಕಟೆ ಇಂಜೆಕ್ಷನ್. ಹೊಡೆಸಿಕೊಂಡವನನ್ನು ಯಾರು ಕೇಳಿದ್ರು? ಇಂಥವರನ್ನು ಜೈಲಲ್ಲೇ ಇಡಬೇಕು, ತಾನಾಗಿ ಬಿಡ್ತದೆ.

ಬೆಳ್ತಂಗಡಿ: ಜೈಲಲ್ಲಿ ತಾನಾಗಿ ಬಿಡುವುದನ್ನೇ ಡಾಕ್ಟ್ರು ಈಗ ವಿವರಿಸಿದ್ದು, ಓದಿದ್ರಾ? ನಮ್ಮ ತಂದೆ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರು. ಇವತ್ತಿಗೂ ಮುಟ್ಟಲಿಲ್ಲ. ಅದಕ್ಕೆ ಆಸ್ಪತ್ರೆ, ಕೋರ್ಟು ಎಂತದೂ ಬೇಡ, ಶಿಬಿರ ಸಾಕು.

ದುಬೈಯಿಂದ: ಅಮೆರಿಕದಲ್ಲಿ 1989ರಲ್ಲೇ ಮಯಾಮಿಯಲ್ಲಿ ಡ್ರಗ್ ಕೋರ್ಟ್ ಶುರು ಮಾಡಿದ್ದಾರೆ. ಜಡ್ಜ್ ಎದುರು ಆಗಾಗ ಹಾಜರಾಗಬೇಕು, ಪರೀಕ್ಷೆ ಆಗ್ತದೆ, ಚಿಕಿತ್ಸೆ ಮುಗಿಸಿದ್ರೆ ಕೇಸ್ ಮುಗೀತದೆ. ನಮ್ಮಲ್ಲಿ ಬರೀ ಶಿಬಿರ, ಭಾಷಣ.

ಬೆಳ್ತಂಗಡಿ: ನೀವು ಅಲ್ಲಿ ಕೂತು ಶಿಬಿರ ನೋಡಿದ್ದೀರಾ? ಹಳ್ಳಿಯಲ್ಲಿ ಬಂದು ಒಂದು ದಿನ ಇದ್ದು ಹೋಗಿ.

ಕೊಟ್ಟಾರ: ನಾನು ಕೇಳಿದ್ದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ.

ಡಾಕ್ಟರ್: ಹೊಡೆಸಿಕೊಂಡವರಿಗೆ ನ್ಯಾಯ ಸಿಗಬೇಕು, ಕೇಸ್ ನಡೀತಾ ಉಂಟು. ಚಿಕಿತ್ಸೆ ಕೊಟ್ಟದ್ದರಿಂದ ಆ ಕೇಸ್ ನಿಲ್ಲುದಿಲ್ಲ. ಆದ್ರೆ ಕುಡಿತ ನಿಲ್ಲದೆ ಅವನು ಹೊರಗೆ ಬಂದ್ರೆ ನಾಳೆ ಇನ್ನೊಬ್ಬರಿಗೆ ಹೊಡೀತಾನೆ. ಬೆಳ್ತಂಗಡಿಯವರೇ, ನಿಮ್ಮ ತಂದೆಯ ಬಗ್ಗೆ ಸಂತೋಷ. ಶಿಬಿರದಿಂದ ಬಿಟ್ಟವರು ನನ್ನ ಓಪಿಡಿಯಲ್ಲೂ ಇದ್ದಾರೆ. ಫಿಟ್ಸ್ ಬಂದವರು, ಗೊಂದಲ ಆದವರು ಮಾತ್ರ ಮೊದಲು ಆಸ್ಪತ್ರೆಗೆ, ಆಮೇಲೆ ಶಿಬಿರಕ್ಕೆ. ಮತ್ತೆ, ಮನೆಯ ಯಾರನ್ನಾದ್ರೂ ಪೊಲೀಸರು ಬಂಧಿಸಿದ್ರೆ, ವೈದ್ಯಕೀಯ ತಪಾಸಣೆಯ ಹೊತ್ತಿಗೇ "ಇವರು ದಿನಾ ಕುಡೀತಾರೆ" ಅಂತ ಡಾಕ್ಟರಿಗೆ ಹೇಳಿ. ನ್ಯಾಯಾಧೀಶರ ಎದುರೂ ಹೇಳಿಸಿ. ಮರ್ಯಾದೆಗೆ ಅಂಜಿ ಮುಚ್ಚಿಟ್ರೆ ಎರಡನೇ ರಾತ್ರಿ ಜೈಲಲ್ಲಿ ಫಿಟ್ಸ್ ಬರ್ತದೆ.

ಮೂಡುಬಿದಿರೆ: ಫಾರ್ವರ್ಡ್ ಬಂದದ್ದು: "ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ, ಕೆಲವೇ ದಿನದಲ್ಲಿ ಕುಡಿತ ಬಂದ್. ರುಚಿ ಇಲ್ಲ, ವಾಸನೆ ಇಲ್ಲ." ಪುಡಿ ಕೊರಿಯರ್‌ನಲ್ಲಿ ಬರ್ತದಂತೆ. ತರಿಸಬಹುದಾ?

ಡಾಕ್ಟರ್: ತರಿಸಬೇಡಿ. ಪ್ಯಾಕೆಟಿನೊಳಗೆ ಎಂತ ಉಂಟು ಅಂತ ಬರೆದಿರುವುದಿಲ್ಲ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಉಂಟು, ನಾವೂ ಕೊಡ್ತೇವೆ. ರೋಗಿಗೆ ತಿಳಿಸಿ, ಸಹಿ ಪಡೆದು, ಹೃದಯ, ಲಿವರ್ ನೋಡಿ ಕೊಡುವಂಥದ್ದು. ಅದು ಮೈಯಲ್ಲಿರುವಾಗ ಕುಡಿದ್ರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣವೂ ಹೋಗಬಹುದು. ಕದ್ದು ಬೆರೆಸಿದ್ರೆ ಕುಡಿಯಬಾರದು ಅಂತ ಅವನಿಗೆ ಗೊತ್ತಾಗುದು ಹೇಗೆ? ಆ ಸಾರು ಬಡಿಸಿದ ಹೆಂಡತಿಯ ಗತಿ ಆಮೇಲೆ ಎಂತ?

ಕಟಪಾಡಿ: ಎಲ್ಲದಕ್ಕೂ ಬೇಡ ಬೇಡ ಅಂದ್ರೆ ಜನ ಎಂತ ಮಾಡುದು?

ಡಾಕ್ಟರ್: 14446ಕ್ಕೆ ಫೋನ್ ಮಾಡುದು, ವ್ಯಸನಮುಕ್ತಿ ಸಹಾಯವಾಣಿ. ಮನಸ್ಸಿನ ಯಾವ ತೊಂದರೆಗೂ ಟೆಲಿ ಮಾನಸ್, 14416. ಎರಡೂ ಉಚಿತ. ಆಸ್ಪತ್ರೆಗೆ ಬರುದು.

ಬಜಾಲ್ ತಂದೆ: ಮಗನ ಹತ್ತಿರ ಒಂದೂವರೆ ಗ್ರಾಂ ಎಂಡಿಎಂಎ ಡ್ರಗ್ ಸಿಕ್ಕಿದೆ. ನಮಗೂ 64ಎ ಸಿಗ್ತದಾ?

ವಕೀಲ, ಕಾರಂಗಲ್ಪಾಡಿ: ಕಷ್ಟ. ಗಾಂಜಾದಲ್ಲಿ ಒಂದು ಕಿಲೋವರೆಗೆ ಸಣ್ಣ ಪ್ರಮಾಣ, ಎಂಡಿಎಂಎಯಲ್ಲಿ ಬರೀ ಅರ್ಧ ಗ್ರಾಂ. ಅದರ ಮೇಲೆ ಹೋದ್ರೆ 64ಎ, 39 ಎರಡೂ ಇಲ್ಲ.

ಡಾಕ್ಟರ್: ಕಾನೂನಲ್ಲಿ ಲಾಭ ಇಲ್ಲ ಅಂತ ಚಿಕಿತ್ಸೆ ಬಿಡಬೇಡಿ ಸರ್.

ಪಡುಬಿದ್ರಿ: ಮೂತ್ರದಲ್ಲಿ ಗಾಂಜಾ ಎಷ್ಟು ದಿನ ಕಾಣ್ತದೆ? ನೀರು ಜಾಸ್ತಿ ಕುಡಿದ್ರೆ?

ಡಾಕ್ಟರ್: ತಪ್ಪಿಸಿಕೊಳ್ಳುವ ಪ್ರಶ್ನೆಗೆ ಉತ್ತರ ಇಲ್ಲ.

ಕಾರ್ಕಳ: ಚಿಕಿತ್ಸೆ ತಗೊಂಡದ್ದು ದಾಖಲೆಯಲ್ಲಿದ್ರೆ ಮುಂದೆ ಸರಕಾರಿ ಕೆಲಸಕ್ಕೆ ಅಡ್ಡಿ ಆಗ್ತದಾ?

ಉಳ್ಳಾಲ: ಸರ್ಟಿಫಿಕೇಟಿಗೆ ಎಷ್ಟು ಆಗ್ತದೆ ಮೇಡಂ?

ಡಾಕ್ಟರ್: ಮೇಲೆ ಓದಿ.

ಕೊಟ್ಟಾರ: ಕೇಳಿದವರಿಗೆ ಮೇಲೆ ಓದಿ ಅಂತ ಹೇಳ್ಲಿಕ್ಕೆ ಪ್ರಶ್ನೋತ್ತರ ಯಾಕೆ ಇಟ್ಟದ್ದು?

ಬೆಳ್ತಂಗಡಿ: ನಿಮ್ಮದು ಪ್ರಶ್ನೆಯೇ ಇಲ್ಲ, ಬರೀ ಬೈಗುಳ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಮ್ಮೆ ಆದ್ರೆ ಗುಂಪಿನಿಂದ ತೆಗೀತೇನೆ.

ಸುರತ್ಕಲ್ ಅಮ್ಮ: ಮೇಡಂ, ನೀವು ಕೇಳಿದ್ರಲ್ಲ. ಹೌದು. ಫ್ಯಾನಿನ ಸದ್ದಿನಲ್ಲಿ ಯಾರೋ ಅವನ ಹೆಸರು ಕರೀತಾರಂತೆ. ಕಿಟಕಿಗೆ ಪೇಪರ್ ಅಂಟಿಸಿದ್ದಾನೆ. ಕೇಸಿನ ಹೆದರಿಕೆ ಅಂತ ತಿಳ್ಕೊಂಡಿದ್ದೆ.

ಡಾಕ್ಟರ್: ಹೆದರಿಕೆ ಮಾತ್ರ ಅಲ್ಲ ಅಂತ ಕಾಣ್ತದೆ. ಗಾಂಜಾದಿಂದ ಶುರುವಾದ ಮನೋವಿಕಾರ ಇರಬಹುದು, ನೋಡದೆ ಹೇಳ್ಲಿಕ್ಕೆ ಆಗುದಿಲ್ಲ. ಸೋಮವಾರ ಬೆಳಿಗ್ಗೆ ಮೊದಲು ಓಪಿಡಿಗೆ, ವಕೀಲರ ಹತ್ತಿರ ಆಮೇಲೆ. ಅಲ್ಲಿಯವರೆಗೆ ಒಬ್ಬನೇ ಇರದ ಹಾಗೆ ನೋಡಿ. ಸಾಯುವ ಮಾತು ಆಡಿದ್ರೆ, ಅಥವಾ ಆ ಧ್ವನಿ ಎಂತಾದ್ರೂ ಮಾಡು ಅಂತ ಹೇಳಿದ್ರೆ ಸೋಮವಾರಕ್ಕೆ ಕಾಯಬೇಡಿ. ವೆನ್ಲಾಕ್ ತುರ್ತು ವಿಭಾಗ ರಾತ್ರಿಯೂ ಇರ್ತದೆ.

ವಿಟ್ಲ: ನನ್ನ ತಮ್ಮನನ್ನು ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದ್ದೇವೆ. "ಕೋರ್ಟ್ ಕೇಸ್ ಇದೆ, ಆರು ತಿಂಗಳು ಬಿಡುದಿಲ್ಲ" ಅಂತಾರೆ. ಮೊನ್ನೆ ನೋಡ್ಲಿಕ್ಕೆ ಹೋದಾಗ ಕಾಲಿಗೆ ಸರಪಳಿ ಇತ್ತು. ಗೀರಿದ ಗಾಯಕ್ಕೆ ಅರಸಿನ ಹಚ್ಚಿದ್ರು. ಇದು ಸರಿಯಾ?

ಡಾಕ್ಟರ್: ಸರಿ ಅಲ್ಲ, ಅಪರಾಧ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳೂ ಸೇರ್ತವೆ. 95ನೇ ಸೆಕ್ಷನ್ ಪ್ರಕಾರ ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವ ಹಾಗಿಲ್ಲ. ಇಂಥ ಕೇಂದ್ರಕ್ಕೆ ನೋಂದಣಿ ಇರಲೇಬೇಕು, ಆ ಕಾಗದ ತೋರಿಸಿ ಅಂತ ಕೇಳಿ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವರನ್ನು ಮನೆಯವರ ಅರ್ಜಿಯ ಮೇಲೆ ಸೇರಿಸಿದ್ರೆ ಮೊದಲಿಗೆ 30 ದಿನ ಮಾತ್ರ, ಅದಕ್ಕೂ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು. ಮ್ಯಾಜಿಸ್ಟ್ರೇಟರು ಪರೀಕ್ಷೆಗೆ ಅಂತ ದಾಖಲಿಸಿದ್ರೂ ಆ ಆದೇಶ 10 ದಿನ ದಾಟುದಿಲ್ಲ. ಆರು ತಿಂಗಳು ಅಂತ ಬಾಯಲ್ಲಿ ಹೇಳ್ಲಿಕ್ಕೆ ಇವರಿಗೆ ಅಧಿಕಾರ ಎಲ್ಲಿಂದ ಬಂತು? ಕೋರ್ಟಿನ ಆದೇಶ ಇದ್ರೆ ಅದರ ಪ್ರತಿ ಕೊಡ್ಲಿ. ನಾಳೆ ಹೋಗಿ ಗಾಯದ ಫೋಟೋ ತೆಗೀರಿ. ತೆಗೀಲಿಕ್ಕೆ ಬಿಡದಿದ್ರೆ ಪೊಲೀಸರನ್ನು ಕರ್ಕೊಂಡು ಹೋಗಿ.

ವಿಟ್ಲ: ವಕೀಲರಿಗೆ ಕೊಡ್ಲಿಕ್ಕೆ ನಮ್ಮತ್ರ ದುಡ್ಡಿಲ್ಲ.

ವಕೀಲ, ಕಾರಂಗಲ್ಪಾಡಿ: ದುಡ್ಡು ಬೇಡ. 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ್ದು. ಸೋಮವಾರ ಜಿಲ್ಲಾ ಕೋರ್ಟಿನಲ್ಲಿ ಅವರ ಕಚೇರಿಗೂ ಬನ್ನಿ. ತಮ್ಮನನ್ನು ಸೇರಿಸಿದಾಗ ಕೊಟ್ಟ ರಸೀದಿ, ನೀವು ಸಹಿ ಮಾಡಿದ ಕಾಗದ, ಗಾಯದ ಫೋಟೋ ಇಷ್ಟು ತನ್ನಿ. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ನಾನೇ ಬರೆದು ಕೊಡ್ತೇನೆ.

ವಿಟ್ಲ: ರಸೀದಿ ಉಂಟು. ಸಹಿ ಮಾಡಿದ ಕಾಗದದ ಪ್ರತಿ ಅವರು ಕೊಡ್ಲಿಲ್ಲ.

ವಕೀಲ, ಕಾರಂಗಲ್ಪಾಡಿ: ರಸೀದಿ ಸಾಕು, ಬನ್ನಿ.