ಮೊದಲ ವ್ಯಾಕ್ಯೂಫಾರ್ಮ್ ಕಿಟ್‌ ಆಗಿ ಎರಡು ಹಂತದ ರೆಕ್ಕೆಯ ಹಾರುದೋಣಿ: ಕೊಳ್ಳಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಲವು ವರ್ಷಗಳಿಂದ 1/72 ಅಳತೆಯ, ಬಿಡಿಭಾಗಗಳು ಅಚ್ಚಿನಲ್ಲಿ ಎರಕವಾಗಿ ಸಿದ್ಧವಾಗಿ ಬರುವ ಸಾಮಾನ್ಯ ಇಂಜೆಕ್ಷನ್ ವಿಮಾನ ಮಾದರಿ ಕಿಟ್‌ಗಳನ್ನು ಜೋಡಿಸುತ್ತಾ ಬಂದಿದ್ದೇನೆ. ಭಾಗಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ನಾವೇ ಕತ್ತರಿಸಿಕೊಳ್ಳಬೇಕಾದ ವ್ಯಾಕ್ಯೂಫಾರ್ಮ್ ಕಿಟ್ ಒಂದನ್ನೂ ಇದುವರೆಗೆ ಮುಟ್ಟಿಲ್ಲ. ಸೂಪರ್‌ಮರೀನ್ ಸೌತಾಂಪ್ಟನ್ ಹಾರುದೋಣಿಯ (ನೀರಿನ ಮೇಲಿಂದಲೇ ಹಾರಿ ನೀರಿನ ಮೇಲೆಯೇ ಇಳಿಯುವ ವಿಮಾನ) ಮಾದರಿಯನ್ನು ಮಾಡಬೇಕೆಂಬುದು ನನ್ನ ಬಹುದಿನದ ಆಸೆ. 1927–28ರಲ್ಲಿ ಇಂತಹ ನಾಲ್ಕು ದೋಣಿಗಳು ಇಂಗ್ಲೆಂಡಿನಿಂದ ಹೊರಟು ಸಿಂಗಪುರವನ್ನು ತಲುಪಿ, ಅಲ್ಲಿಂದ ಆಸ್ಟ್ರೇಲಿಯಾವನ್ನು ಸುತ್ತಿ ಬಂದ ದೀರ್ಘಯಾನದ ವಿವರಗಳನ್ನು ಓದಿದ ಮೇಲೆ ಆ ಆಸೆ ಇನ್ನಷ್ಟು ಬಲವಾಗಿದೆ. ಈಗ ಕಾಂಟ್ರೇಲ್ ಸಂಸ್ಥೆಯ ಹಳೆಯ ಸೌತಾಂಪ್ಟನ್ ಕಿಟ್ ಒಂದು ಮಾರಾಟಕ್ಕೆ ಬಂದಿದೆ. ಮೊದಲ ಪ್ರಯತ್ನಕ್ಕೆ ಇದು ತಕ್ಕುದೇ? ಹಳೆಯ ಕಿಟ್ ಕೊಳ್ಳುವಾಗ ಏನನ್ನು ಪರೀಕ್ಷಿಸಬೇಕು? ಬಿಡಿಭಾಗಗಳನ್ನು ಹಾಳೆಯಿಂದ ಸರಿಯಾದ ಅಳತೆಗೆ ಬಿಡಿಸುವ ಕ್ರಮವನ್ನೂ ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ವ್ಯಾಕ್ಯೂಫಾರ್ಮ್ ಕೆಲಸದ ಮುಕ್ಕಾಲು ಪಾಲು ಅದರಲ್ಲೇ ಇದೆ. ಕಾಯಿಸಿ ಮೆದುವಾದ ಪಾಲಿಸ್ಟೈರೀನ್ ಹಾಳೆಯನ್ನು ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿಯನ್ನು ಹೀರಿದಾಗ ಹಾಳೆ ಅಚ್ಚಿನ ಆಕಾರವನ್ನು ತಳೆಯುತ್ತದೆ. ಹೀಗೆ ಮೂಡಿದ ಒಡಲಿನ ಅರ್ಧಭಾಗ ಹಾಳೆಯ ಮೇಲ್ಮೈಗೆ ಬಂದು ಸೇರುವ ಗೆರೆಯೇ ಅದರ ನಿಜವಾದ ಅಂಚು; ಅದರ ಕೆಳಗಿರುವ ಹಾಳೆಯ ದಪ್ಪವೆಲ್ಲ ತೆಗೆದುಹಾಕಬೇಕಾದದ್ದು. ಹಾಳೆ ಒಂದು ಮಿಲಿಮೀಟರ್ ದಪ್ಪವಿದ್ದು ಅದನ್ನು ಎರಡೂ ಅರ್ಧಗಳಲ್ಲಿ ಹಾಗೆಯೇ ಬಿಟ್ಟರೆ ಒಡಲು ಎರಡು ಮಿಲಿಮೀಟರ್ ಅಗಲವಾಗುತ್ತದೆ. 1/72ರ ಲೆಕ್ಕದಲ್ಲಿ ಅದು ನಿಜ ವಿಮಾನದ 144 ಮಿಲಿಮೀಟರ್‌ಗೆ ಸಮ. ಮುಂದೆ ರೆಕ್ಕೆ, ಬಾಲ, ಎಂಜಿನ್ ಯಾವುದೂ ತನ್ನ ಜಾಗದಲ್ಲಿ ಕೂರುವುದಿಲ್ಲ.

ಆದ್ದರಿಂದ ಮೊದಲು ಪ್ರತಿಯೊಂದು ಭಾಗದ ಸುತ್ತಲೂ, ಅದು ಹಾಳೆಗೆ ಸೇರುವ ಮೂಲೆಯಲ್ಲಿಯೇ, ಸಣ್ಣ ಮೊನೆಯ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಅನಂತರ ಹೊಸ ಬ್ಲೇಡನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಗೆರೆಯ ಹೊರಬದಿಯಲ್ಲಿ ಹಗುರವಾಗಿ ಎರಡು ಮೂರು ಬಾರಿ ಗೀರಿ. ಹಾಳೆಯನ್ನು ಪೂರ್ತಿ ಕತ್ತರಿಸುವ ಅಗತ್ಯವಿಲ್ಲ. ಗೀರಿದ ಕಡೆ ಮೆಲ್ಲನೆ ಹಿಂದೆ ಮುಂದೆ ಬಾಗಿಸಿದರೆ ಅದು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಬಿಡಿಸಿದ ಭಾಗದ ಅಂಚಿನಲ್ಲಿ ಕಪ್ಪು ಗೆರೆಯೂ ಅದರ ಹೊರಗೆ ಬಿಳಿಯ ಪಟ್ಟಿಯೂ ಕಾಣುತ್ತವೆ. ನೀರಿನಲ್ಲಿ ಅದ್ದಿ ಉಜ್ಜುವ ಕಪ್ಪು ಉಪ್ಪುಕಾಗದವನ್ನು ದಪ್ಪ ಗಾಜಿನ ಮೇಲೆ ಅಂಟಿಸಿ, ಭಾಗವನ್ನು ಮಗುಚಿಟ್ಟು ವೃತ್ತಾಕಾರವಾಗಿ ಉಜ್ಜುತ್ತಾ ಹೋಗಿ. ಬಿಳಿಯ ಪಟ್ಟಿ ಮಾಯವಾಗಿ ಕಪ್ಪು ಗೆರೆ ಕೂದಲೆಳೆಯಷ್ಟು ಉಳಿದಾಗ ಕೂಡಲೇ ನಿಲ್ಲಿಸಬೇಕು. ಬೆರಳಿನ ಒತ್ತಡ ಯಾವಾಗಲೂ ಒಂದೇ ತುದಿಗೆ ಬೀಳುವುದರಿಂದ ಆಗಾಗ ಭಾಗವನ್ನು ತಿರುಗಿಸಿ ಹಿಡಿಯಿರಿ. ಹಿಡಿತ ಸಿಗದಿದ್ದರೆ ಅದರ ಬೆನ್ನಿಗೆ ಅಂಟುಪಟ್ಟಿಯ ಹಿಡಿಯೊಂದನ್ನು ಮಾಡಿಕೊಳ್ಳಿ. 240 ಸಂಖ್ಯೆಯ ಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಆರಂಭಿಸಿ 400ಕ್ಕೆ ಮುಗಿಸುವುದು ನನ್ನ ಕ್ರಮ. ಒಣದಾಗಿ ಉಜ್ಜಬೇಡಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇನ್ನೊಂದು ಮಾತು. ರೆಕ್ಕೆಯ ಮೇಲರ್ಧ ಮತ್ತು ಕೆಳಗರ್ಧಗಳ ಹಿಂಬದಿ ಅಂಚನ್ನು ಒಳಗಿನಿಂದ ಓರೆಯಾಗಿ ತೆಳುಗೊಳಿಸದೆ ಅಂಟಿಸಿದರೆ ಆ ಅಂಚು ಹಲಗೆಯಂತೆ ದಪ್ಪವಾಗಿ ಕಾಣುತ್ತದೆ. ಉಳಿದೆಲ್ಲ ಎಷ್ಟೇ ಚೆನ್ನಾಗಿದ್ದರೂ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಉತ್ತರ 2

ಕೊಳ್ಳುವ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಹಾಳೆಗಳನ್ನು ಬೆಳಕಿಗೆ ಹಿಡಿದ ಚಿತ್ರಗಳನ್ನು ಮಾರುವವರಿಂದ ಕೇಳಿ ಪಡೆಯಿರಿ. ಪ್ಲಾಸ್ಟಿಕ್ ಹೆಚ್ಚು ಆಳಕ್ಕೆ ಎಳೆಯಲ್ಪಟ್ಟ ಜಾಗಗಳಲ್ಲಿ, ಅಂದರೆ ಮೂತಿ, ಎಂಜಿನ್ ಕವಚ, ದೋಣಿಯ ತಳದ ಮೂಲೆ ಮುಂತಾದ ಕಡೆ, ಅದು ತೆಳುವಾಗಿ ಬೆಳಕು ಹಾಯುವಂತಿರುತ್ತದೆ. ಅಂತಹ ಕಡೆ ಒಳಗಿನಿಂದ ಪುಟ್ಟಿ ತುಂಬಿ ಬಲಪಡಿಸಬಹುದು, ಆದರೆ ತೂತು ಅಥವಾ ಬಿರುಕು ಇದ್ದರೆ ಬೇರೆ ಪ್ರತಿಯನ್ನು ಹುಡುಕುವುದು ಮೇಲು. ಡೆಕಾಲ್‌ಗಳು (ವಿಮಾನದ ಗುರುತುಗಳನ್ನು ಮೂಡಿಸಲು ಅಂಟಿಸುವ ತೆಳು ಚಿತ್ರಗಳು) ಹಳದಿಯಾಗಿದ್ದರೆ ಚಿಂತಿಸಬೇಡಿ, ಅವುಗಳನ್ನು ಹೇಗೂ ಬದಲಿಸುತ್ತೀರಿ. ಪ್ರೊಪೆಲ್ಲರ್, ಎಂಜಿನ್‌ಗಳಂತಹ ಸಣ್ಣ ಭಾಗಗಳು ಪೆಟ್ಟಿಗೆಯಲ್ಲಿವೆಯೇ ಎಂಬುದನ್ನು ಮಾತ್ರ ಸ್ಪಷ್ಟವಾಗಿ ವಿಚಾರಿಸಿ; ಅನೇಕ ವ್ಯಾಕ್ಯೂಫಾರ್ಮ್ ಕಿಟ್‌ಗಳಲ್ಲಿ ಅವು ಇರುವುದೇ ಇಲ್ಲ, ಬೇರೆ ಕಿಟ್‌ಗಳಿಂದ ಹೊಂದಿಸಿಕೊಳ್ಳಬೇಕಾಗುತ್ತದೆ.

ಹಣ ಕೊಡುವ ಮುನ್ನ ಅದೇ ವಿಮಾನದ ಇಂಜೆಕ್ಷನ್ ಕಿಟ್ ಬಂದಿದೆಯೇ ಎಂದು ನೋಡುವುದೂ ಅಗತ್ಯ. ಡೈನವೆಕ್ಟರ್ ಸಂಸ್ಥೆಯ 1/48 ಅಳತೆಯ ಸೀ ವಿಕ್ಸನ್ ಜೆಟ್ ಯುದ್ಧವಿಮಾನ ತನ್ನ ಕಾಲದಲ್ಲಿ ಬಹಳ ಒಳ್ಳೆಯ ವ್ಯಾಕ್ಯೂಫಾರ್ಮ್ ಕಿಟ್ ಎನಿಸಿತ್ತು. 2010ರಲ್ಲಿ ಏರ್‌ಫಿಕ್ಸ್ ಅದೇ ಅಳತೆಯಲ್ಲಿ ಇಂಜೆಕ್ಷನ್ ಕಿಟ್ ತಂದ ಮೇಲೆ ಹಳೆಯದಕ್ಕೆ ಹೆಚ್ಚು ಬೆಲೆ ಕೊಡಲು ಕಾರಣ ಉಳಿಯಲಿಲ್ಲ.

ಆದರೆ ಮೊದಲ ಕಿಟ್ ಆಗಿ ಸೌತಾಂಪ್ಟನ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ರೆಕ್ಕೆಯ, ಒಂದೇ ಎಂಜಿನ್ನಿನ ಸಣ್ಣ ಜೆಟ್ ಅಥವಾ ಯುದ್ಧವಿಮಾನವನ್ನು ಮೊದಲು ಮುಗಿಸಿ.

ಉತ್ತರ 3

ಮೇಲಿನವರ ಅನುಭವಕ್ಕೆ ಗೌರವವಿದ್ದರೂ ಕೊನೆಯ ಸಲಹೆಯನ್ನು ಪೂರ್ತಿಯಾಗಿ ಒಪ್ಪಲಾರೆ. ವ್ಯಾಕ್ಯೂಫಾರ್ಮ್ ಕಿಟ್ ತಿಂಗಳುಗಟ್ಟಲೆ ಶ್ರಮವನ್ನು ಬೇಡುತ್ತದೆ, ಮನಸ್ಸಿಲ್ಲದ ವಿಮಾನದ ಮೇಲೆ ಆ ಶ್ರಮವನ್ನು ಹಾಕುವವರು ಅರ್ಧದಲ್ಲೇ ಬಿಟ್ಟುಬಿಡುವ ಸಂಭವ ಹೆಚ್ಚು. ಸೌತಾಂಪ್ಟನ್ ಕಿಟ್ಟನ್ನು ಸಿಕ್ಕಾಗ ಕೊಂಡಿಡಿ. ಕತ್ತರಿಸಿ ಉಜ್ಜುವ ಅಭ್ಯಾಸಕ್ಕೆ ಇಡೀ ಬೇರೆ ವಿಮಾನವೇ ಬೇಕೆಂದಿಲ್ಲ. ಯಾವುದಾದರೂ ಅಗ್ಗದ ಅಥವಾ ಅಪೂರ್ಣ ಕಿಟ್‌ನ ರೆಕ್ಕೆಗಳು ಸಾಕು.

ಅಸಲು ಕಷ್ಟ ಇರುವುದು ಎರಡು ರೆಕ್ಕೆಗಳನ್ನು ಸಮನಾಗಿ ನಿಲ್ಲಿಸುವುದರಲ್ಲಿ. ರೆಕ್ಕೆಗಳ ನಡುವಿನ ಕಂಬಗಳನ್ನು ಹಿತ್ತಾಳೆಯ ತಂತಿಯಿಂದ ಅಥವಾ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯಿಂದ ಮಾಡಿ, ಎರಡೂ ರೆಕ್ಕೆಗಳಲ್ಲಿ ಒಂದೇ ನಕ್ಷೆಯನ್ನಿಟ್ಟು ರಂಧ್ರ ಕೊರೆಯಿರಿ. ದಪ್ಪ ರಟ್ಟಿನಿಂದ ಒಂದು ಚೌಕಟ್ಟನ್ನು ಕತ್ತರಿಸಿ ರೆಕ್ಕೆಗಳನ್ನು ಅದರಲ್ಲಿ ಕೂರಿಸಿ, ಅಂಟು ಪೂರ್ತಿ ಒಣಗುವವರೆಗೆ ಕದಲಿಸಬೇಡಿ. ಸೌತಾಂಪ್ಟನ್‌ನಲ್ಲಿ ಎರಡು ನೇಪಿಯರ್ ಲಯನ್ ಎಂಜಿನ್‌ಗಳು ರೆಕ್ಕೆಗಳ ನಡುವೆ ತಮ್ಮದೇ ಕಂಬಗಳ ಮೇಲೆ ನಿಂತಿವೆ. ರೆಕ್ಕೆಯ ರಚನೆಯನ್ನು ಕದಲಿಸದೆ ಎಂಜಿನ್ ಬದಲಿಸಲೆಂದೇ ಹಾಗೆ ಮಾಡಲಾಗಿತ್ತು. ಇದರಿಂದ ನಿಮಗೂ ಅನುಕೂಲ: ಎಂಜಿನ್‌ಗಳನ್ನು ಪ್ರತ್ಯೇಕವಾಗಿ ಮುಗಿಸಿ ಬಣ್ಣ ಹಚ್ಚಿ ಸಿದ್ಧವಾಗಿಟ್ಟುಕೊಳ್ಳಬಹುದು. ಕಾಕ್‌ಪಿಟ್‌ಗಳು ತೆರೆದೇ ಇರುವುದರಿಂದ ಪಾರದರ್ಶಕ ಮುಚ್ಚಳವನ್ನು ಕತ್ತರಿಸಿ ಕೂರಿಸುವ ತೊಂದರೆಯೂ ತಪ್ಪುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕಿಟ್ ಕೊಳ್ಳುತ್ತೇನೆ, ಅಭ್ಯಾಸಕ್ಕೆ ಬೇರೆ ಹಾಳೆಗಳನ್ನೂ ಹುಡುಕುತ್ತೇನೆ. ಒಡಲಿನ ಎರಡು ಅರ್ಧಗಳಲ್ಲಿ ಕೂಡಿಸುವ ಗೂಟಗಳು ಇರುವುದಿಲ್ಲವಲ್ಲ, ಅವು ಜಾರದಂತೆ ಅಂಟಿಸುವುದು ಹೇಗೆ?

ಉತ್ತರ 1

ಮಿಕ್ಕ ಹಾಳೆಯ ಚೂರುಗಳಿಂದ ಬೆರಳುಗುರಿನಷ್ಟು ಅಗಲದ ಪಟ್ಟಿಗಳನ್ನು ಕತ್ತರಿಸಿ, ಒಂದು ಅರ್ಧದ ಒಳ ಅಂಚಿಗೆ ಅಲ್ಲಲ್ಲಿ ಅರ್ಧ ಹೊರಚಾಚುವಂತೆ ಅಂಟಿಸಿ. ಮತ್ತೊಂದು ಅರ್ಧ ಅವುಗಳ ಮೇಲೆ ಬಂದು ಕೂರುತ್ತದೆ. ರೆಕ್ಕೆ ಸೇರುವ ಜಾಗದಲ್ಲಿ ಒಡಲಿಗೆ ಅಡ್ಡಗೋಡೆಗಳನ್ನು ಕೊಡಲೇಬೇಕು, ಇಲ್ಲದಿದ್ದರೆ ಹಿಡಿದಾಗ ಪಕ್ಕಗಳು ಒಳಕ್ಕೆ ಕುಗ್ಗಿ ಬೆಸುಗೆ ಬಿಡುತ್ತದೆ. ನೀರಿನಂತಿರುವ ಪಾಲಿಸ್ಟೈರೀನ್ ಅಂಟನ್ನು ಕುಂಚದಿಂದ ಸ್ವಲ್ಪ ಸ್ವಲ್ಪವೇ ಹರಿಸಿ, ಏಕೆಂದರೆ ಹೆಚ್ಚಾದರೆ ತೆಳು ಪ್ಲಾಸ್ಟಿಕ್ ಕರಗಿ ಹೊರಮೈಯಲ್ಲಿ ಕುಳಿ ಬೀಳುತ್ತದೆ. ಅಡ್ಡಗೋಡೆಗಳ ಆಕಾರವನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ, ಸರಿಹೊಂದಿದ ಮೇಲಷ್ಟೇ ಪ್ಲಾಸ್ಟಿಕ್ಕಿಗೆ ಕೈಹಾಕಿ.