ಮೈಸೂರಿನ ಆಸ್ಪತ್ರೆಯಲ್ಲಿ ಪಿಆರ್‌ಒ ಇಂಟರ್‌ವ್ಯೂ: ಏನು ತಯಾರಿ ಬೇಕು?

ಮಂಡ್ಯದವಳು:
ನಮಸ್ಕಾರ. ಪತ್ರಿಕೋದ್ಯಮದಲ್ಲಿ ಎಂ.ಎ. ಆಗಿದೆ. ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿ ಹುದ್ದೆಗೆ ಬರುವ ಶುಕ್ರವಾರ ಇಂಟರ್‌ವ್ಯೂ. ಮೊದಲು ಅರ್ಧ ಗಂಟೆ ಬರವಣಿಗೆ, ಆಮೇಲೆ ಮಾತು ಅಂತ ಫೋನಲ್ಲಿ ಹೇಳಿದ್ದಾರೆ. ಪಿಆರ್ ವ್ಯಾಖ್ಯಾನ, ಇತಿಹಾಸ ಓದಿಕೊಂಡಿದ್ದೀನಿ. ಕೆಲಸದ ಬಗ್ಗೆ ಏನು ಕೇಳ್ತಾರೆ?

ಸುದ್ದಿಮೇಜು:
ವ್ಯಾಖ್ಯಾನ ಸಾಕು, ಬದಿಗಿಡಿ. ಬರವಣಿಗೆ ಅಂದರೆ ಬಹುಪಾಲು ಪತ್ರಿಕಾ ಪ್ರಕಟಣೆಯೇ. ದಿನಕ್ಕೊಂದು ವಿಷಯ ತಗೊಂಡು, ಗಡಿಯಾರ ಮುಂದಿಟ್ಟುಕೊಂಡು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. 250 ಪದ ದಾಟಬೇಡಿ.

ತಪಾಸಣಾ ಶಿಬಿರದ ವಿಷಯ ಕೊಟ್ಟರು ಅನ್ನಿ. ‘ಸಮಾಜಸೇವೆಗೆ ಹೆಸರಾದ ನಮ್ಮ ಆಸ್ಪತ್ರೆಯು ಹರ್ಷದಿಂದ ತಿಳಿಸುವುದೇನೆಂದರೆ’ ಅಂತ ಶುರು ಮಾಡಿದರೆ ಉಪಸಂಪಾದಕರು ಮೊದಲು ಹೊಡೆದುಹಾಕುವುದೇ ಆ ಸಾಲನ್ನು. ‘ಮೈಸೂರು: ಮಧುಮೇಹಿಗಳಿಗೆ ಉಚಿತ ಕಣ್ಣಿನ ತಪಾಸಣೆ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಕುವೆಂಪುನಗರದಲ್ಲಿ ನಡೆಯಲಿದೆ’ ಅಂತ ಬರೆದರೆ ಬೇಕಾದ್ದೆಲ್ಲ ಒಂದೇ ಉಸಿರಿಗೆ ಬಂತು. ಎರಡನೇ ಪ್ಯಾರಾದಲ್ಲಿ ನೋಂದಣಿ, ತರಬೇಕಾದ ಹಳೇ ರಿಪೋರ್ಟ್‌ಗಳು. ಆಮೇಲೆ ವೈದ್ಯರದ್ದೊಂದು ಮಾತು. ಆಸ್ಪತ್ರೆ ಪರಿಚಯ ಕಟ್ಟಕಡೆಗೆ, ಯಾಕೆಂದರೆ ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಕೆಳಗಿನಿಂದ.

ಕಳಿಸುವುದು ಹೇಗೆ ಅಂತಲೂ ಕೇಳಬಹುದು. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಹಾಗೇ ಮೇಲ್‌ಗೆ ಅಂಟಿಸಿದರೆ ಆ ಕಡೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಯೂನಿಕೋಡ್‌ಗೆ ಬದಲಿಸಿ, ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಇನ್ನೊಮ್ಮೆ ಓದಿ, ಅಲ್ಲೇ ಕೆಡೋದು. ಫೋಟೊ ವರ್ಡ್ ಫೈಲಿನೊಳಗೆ ತುರುಕದೆ ಬೇರೆಯಾಗಿ ಕಳಿಸಿ, ಎಡದಿಂದ ಯಾರ್ಯಾರು ಅಂತ ಅಡಿಬರಹದ ಸಮೇತ. ವಾಟ್ಸ್‌ಆ್ಯಪ್ ಆದರೆ ಡಾಕ್ಯುಮೆಂಟ್ ಆಗಿ ಹಾಕಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ಅಚ್ಚಿನಲ್ಲಿ ಮಸುಕಾಗುತ್ತೆ.

ವಾರ್ಡ್‌ನಿಂದ:
ಆಸ್ಪತ್ರೆ ಅಂದಮೇಲೆ ಈ ಪ್ರಶ್ನೆ ಬಂದೇ ಬರುತ್ತೆ: ರೋಗಿ ತೀರಿಕೊಂಡಿದ್ದಾರೆ, ಬಂಧುಗಳು ಗೇಟಲ್ಲಿ ಧರಣಿ ಕೂತಿದ್ದಾರೆ, ಚಾನೆಲ್‌ನವರು ಬಂದಿದ್ದಾರೆ. ಏನು ಮಾಡ್ತೀರಿ?

ಮೊದಲು ಮನೆಯವರು, ಆಮೇಲೆ ಮಾಧ್ಯಮ. ಈ ಕ್ರಮ ತಪ್ಪಿಸಿ ಉತ್ತರ ಹೇಳಬೇಡಿ. ಬಂಧುಗಳನ್ನು ಒಂದು ಕೋಣೆಗೆ ಕರೆದು ಕೂರಿಸಿ, ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ವಿವರ ಹೇಳಿಸಬೇಕು. ಜತೆಜತೆಗೇ ವೈದ್ಯಕೀಯ ಅಧೀಕ್ಷಕರನ್ನು ಕೇಳಿ ಖಚಿತವಾದದ್ದಷ್ಟನ್ನೇ ಬರೆದುಕೊಂಡು ಚಿಕ್ಕ ಹೇಳಿಕೆ ಕೊಡಬೇಕು: ‘ಸಾವಿಗೆ ತೀವ್ರ ವಿಷಾದವಿದೆ. ಕುಟುಂಬದವರೊಡನೆ ವೈದ್ಯರು ಮಾತನಾಡುತ್ತಿದ್ದಾರೆ. ದಾಖಲೆಗಳ ಪರಿಶೀಲನೆ ನಡೆದಿದೆ. ಸಂಜೆ 5ಕ್ಕೆ ಮತ್ತೆ ಮಾಹಿತಿ ಕೊಡುತ್ತೇವೆ.’ 5ಕ್ಕೆ ಹೊಸದೇನೂ ಇಲ್ಲದಿದ್ದರೂ ಬಂದು ಅದನ್ನೇ ಹೇಳಬೇಕು.

‘ನಮ್ಮ ವೈದ್ಯರದ್ದೇನೂ ತಪ್ಪಿಲ್ಲ’ ಅಂತ ಮೊದಲೇ ಹೇಳಿಬಿಟ್ಟು, ನಾಳೆ ಮರಣೋತ್ತರ ಪರೀಕ್ಷೆಯ ವರದಿ ಬೇರೆ ಬಂದರೆ ಮತ್ತೆ ಯಾರೂ ನಂಬುವುದಿಲ್ಲ. ‘ಪ್ರತಿಕ್ರಿಯೆ ಇಲ್ಲ’ ಅಂದರೆ ಏನೋ ಮುಚ್ಚಿಡ್ತಿದ್ದಾರೆ ಅಂತಲೇ ಸುದ್ದಿ. ಒಪ್ಪಿಗೆ ಇಲ್ಲದೆ ರೋಗಿಯ ಕಾಯಿಲೆ, ಫೋಟೊ ಹೊರಗೆ ಹೋಗಕೂಡದು. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಗುರುತು ಬಯಲಾಗುವುದೇ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್, ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಓದಿಕೊಂಡು ಹೋಗಿ.

ಮಂಡ್ಯದವಳು:
ತುಂಬಾ ಉಪಕಾರ ಆಯ್ತು. ಊರಿನ ಪತ್ರಿಕೆಗಳ ಬಗ್ಗೆ ಕೇಳ್ತಾರಾ? ಅನುಭವ ಇಲ್ಲದವರು ಫೈಲಲ್ಲಿ ಏನು ಇಟ್ಟುಕೊಳ್ಳೋದು?

ಸುದ್ದಿಮೇಜು:
ಕೇಳ್ತಾರೆ. ‘ಆಂದೋಲನ’, ‘ಮೈಸೂರು ಮಿತ್ರ’, ‘ಸ್ಟಾರ್ ಆಫ್ ಮೈಸೂರ್’, ರಾಜ್ಯ ಪತ್ರಿಕೆಗಳ ಮೈಸೂರು ಪುಟಗಳು, ಇಷ್ಟನ್ನೂ ಈ ಐದು ದಿನ ಓದಿ, ಆರೋಗ್ಯದ ಸುದ್ದಿ ಯಾವ ಪುಟಕ್ಕೆ ಬರುತ್ತೆ ಗುರುತು ಹಾಕಿಕೊಳ್ಳಿ. ‘ಸ್ಟಾರ್ ಆಫ್ ಮೈಸೂರ್’ ಸಂಜೆ ಪತ್ರಿಕೆ. ಮಧ್ಯಾಹ್ನ ಮೂರಕ್ಕೆ ಪತ್ರಿಕಾಗೋಷ್ಠಿ ಇಟ್ಟರೆ ಅವರಿಗೆ ಅವತ್ತಿನ ಸಂಚಿಕೆ ತಪ್ಪಿತು. ದಸರಾ ಹತ್ತು ದಿನ ಹೊಸ ವಿಭಾಗದ ಉದ್ಘಾಟನೆ ಬೇಡ ಅನ್ನಿ, ಪುಟದಲ್ಲಿ ಜಾಗವೇ ಇರೋಲ್ಲ. ಮಂಡ್ಯದಲ್ಲಿ ಶಿಬಿರ ಅಂದರೆ ಕಾವೇರಿ ಹೋರಾಟದ ಬಿಸಿ ಇರುವಾಗ ಹೆದ್ದಾರಿ ಬಂದ್ ಆಗುವುದು ನಿಮಗೇ ಗೊತ್ತು; ಬದಲಿ ದಿನವೊಂದನ್ನು ಮೊದಲೇ ಇಟ್ಟುಕೊಳ್ಳಬೇಕು.

ಫೈಲಿಗೆ ಮೂರೇ ಸಾಕು: ಒಂದು ಪ್ರಕಟಣೆ, ಮೇಲಿನಂಥ ತುರ್ತು ಹೇಳಿಕೆ, ಒಂದು ತಿಂಗಳ ಪ್ರಚಾರ ಯೋಜನೆ ಒಂದೇ ಹಾಳೆಯಲ್ಲಿ. ಪ್ರತಿಯೊಂದರ ನೆತ್ತಿಯಲ್ಲೂ ‘ಅಭ್ಯಾಸಕ್ಕೆ ಬರೆದದ್ದು’ ಅಂತ ನಮೂದಿಸಿ. ಇಲ್ಲದಿದ್ದರೆ ಯಾವ ಪತ್ರಿಕೆಯಲ್ಲಿ, ಯಾವತ್ತು ಬಂತು ಅಂತಲೇ ಮೊದಲ ಪ್ರಶ್ನೆ.