ಬೀಡಿ ಸೇದುವ ಅಪ್ಪಯ್ಯನಿಗೆ ಪ್ರೋಟೀನ್ ಟೆಸ್ಟ್ ಮಾಡಿಸಬೇಕಾ?

ತೀರ್ಥಹಳ್ಳಿ ಹುಡುಗಿ:
ಅಪ್ಪಯ್ಯನಿಗೆ 61. ಚಿಕ್ಕ ವಯಸ್ಸಿನಿಂದ ಬೀಡಿ. ಈ ಸಲ ಅಡಿಕೆ ಕೊನೆ ಕೊಯ್ಲಿನ ಹೊತ್ತಲ್ಲಿ ತೋಟದಿಂದ ಅಂಗಳಕ್ಕೆ ಹತ್ತುವಾಗ ದಾರಿ ಮಧ್ಯೆ ಕೂತೇಬಿಟ್ಟರು. ಶಿವಮೊಗ್ಗದಲ್ಲಿ ಊದಿಸಿ ನೋಡಿ ಸಿಓಪಿಡಿ (ಶ್ವಾಸನಾಳ ಕಟ್ಟಿಕೊಂಡು ಉಸಿರು ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಅಂದರು, ಇನ್‌ಹೇಲರ್ ಕೊಟ್ಟಿದ್ದಾರೆ. ರಕ್ತದಲ್ಲಿ ಕೆಲವು ಪ್ರೋಟೀನ್ ನೋಡಿದರೆ ಕಾಯಿಲೆ ಎಷ್ಟು ಬೇಗ ಏರುತ್ತೆ ಅಂತ ಮೊದಲೇ ತಿಳಿಯುತ್ತೆ, ಮಾಡಿಸಿ ಅಂತಾರೆ ಬೆಂಗಳೂರಿನ ಭಾವ. ಹೌದಾ?

ಪಿಎಫ್‌ಟಿ ಅಕ್ಕ:
ಶಿವಮೊಗ್ಗದಲ್ಲಿ ಶ್ವಾಸಕೋಶದ ಪರೀಕ್ಷೆಗೆ (ಪಿಎಫ್‌ಟಿ) ದಿನಾ ಜನರನ್ನು ಊದಿಸುವ ಕೆಲಸ ನನ್ನದು. ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ ತಂಗಿ, ಆದರೆ ಸದ್ಯಕ್ಕೆ ಆ ದುಡ್ಡು ಖರ್ಚು ಮಾಡಬೇಡಿ.

ಸಂಶೋಧಕರು ಹೆಚ್ಚು ನೋಡಿರುವುದರಲ್ಲಿ ಫೈಬ್ರಿನೋಜೆನ್ ಒಂದು, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್. ಅದು ಹೆಚ್ಚಿದ್ದವರಲ್ಲಿ ಕಾಯಿಲೆ ಉಲ್ಬಣಿಸುವುದು, ಸಾವು ಎರಡೂ ಜಾಸ್ತಿ. 2015ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಒಪ್ಪಿತು, ಆದರೆ ಹೊಸ ಔಷಧಿಯ ಪ್ರಯೋಗಕ್ಕೆ ರೋಗಿಗಳನ್ನು ಆರಿಸಲಿಕ್ಕೆ. ಮಳೆಗಾಲದ ಒಂದು ಜ್ವರ ಬಂದರೂ ಫೈಬ್ರಿನೋಜೆನ್ ಏರುತ್ತೆ. ಸಿಸಿ16 ಅಂತ ಇನ್ನೊಂದು, ಸಣ್ಣ ಶ್ವಾಸನಾಳದ ಕ್ಲಬ್ ಜೀವಕೋಶಗಳು ಮಾಡುವಂಥದ್ದು. ಹೊಗೆಗೆ ಆ ಕೋಶಗಳು ಹಾಳಾಗುವುದರಿಂದ ಸೇದುವವರ ರಕ್ತದಲ್ಲಿ ಕಡಿಮೆ ಇರುತ್ತೆ. ಎಸ್‌ರೇಜ್ ಅನ್ನುವ ಮತ್ತೊಂದು ಪ್ರೋಟೀನ್ ಕಡಿಮೆ ಇದ್ದರೆ ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವುದು) ಜಾಸ್ತಿ ಕಾಣುತ್ತೆ. ಸಾವಿರಾರು ಜನರನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಗುವ ಮಾತು ಇವು. ನಿಮ್ಮ ಅಪ್ಪಯ್ಯನೊಬ್ಬರ ಮುಂದಿನ ಐದು ವರ್ಷ ಇವುಗಳಿಂದ ಹೇಳಲಿಕ್ಕೆ ಬರುವುದಿಲ್ಲ.

ತೀರ್ಥಹಳ್ಳಿ ಹುಡುಗಿ:
ಥ್ಯಾಂಕ್ಸ್ ಅಕ್ಕ. ಅಪ್ಪಯ್ಯನದ್ದು ಒಂದೇ ಹಟ: "ದೊಡ್ಡಪ್ಪ ನನಗಿಂತ ಜಾಸ್ತಿ ಸೇದಿ 85 ಬದುಕಲಿಲ್ವಾ?"

ಪಿಎಫ್‌ಟಿ ಅಕ್ಕ:
ಅದಕ್ಕೇ ಅಲ್ವಾ ಈ ಪ್ರೋಟೀನ್‌ಗಳ ಹುಡುಕಾಟ! ಒಂದೇ ಥರ ಸೇದಿದ ಇಬ್ಬರಲ್ಲಿ ಒಬ್ಬರ ಶ್ವಾಸಕೋಶ ಬೇಗ ಕುಗ್ಗುತ್ತೆ, ಇನ್ನೊಬ್ಬರದು ಇಲ್ಲ. ಹೀಗಾಗಲಿಕ್ಕೆ ಒಂದು ಕಾರಣ ಅಂತ ಗೊತ್ತಿರುವುದು ಶ್ವಾಸಕೋಶ ಕಾಯುವ ಆಲ್ಫಾ-1 ಆಂಟಿಟ್ರಿಪ್ಸಿನ್ ಅನ್ನುವ ಪ್ರೋಟೀನ್ ಕಡಿಮೆ ಇರುವುದು. ಅದರ ಕೊರತೆ ಹುಟ್ಟಿನಿಂದಲೇ ಬರುತ್ತೆ, 1963ರಲ್ಲೇ ಸ್ವೀಡನ್‌ನಲ್ಲಿ ಕಂಡುಹಿಡಿದದ್ದು. ಅದನ್ನು ಒಮ್ಮೆ ನೋಡಿಸಬೇಕಾ ಅಂತ ಡಾಕ್ಟರನ್ನೇ ಕೇಳಿ. ಆದರೆ ದೊಡ್ಡಪ್ಪನ ಶ್ವಾಸಕೋಶ ಅಪ್ಪಯ್ಯನಿಗೆ ಬರುವುದಿಲ್ಲ. ಅಪ್ಪಯ್ಯನದು ಕುಗ್ಗಿದೆ ಅಂತ ಮೆಷಿನ್ ಆಗಲೇ ತೋರಿಸಿದೆ.

ಸಾಗರದ ಮಾವ:
ಬೀಡಿ ಮಾತ್ರ ನೋಡಬೇಡಿ. ಅಡಿಕೆ ಬೇಯಿಸುವ ಹಂಡೆ ಒಲೆ, ಬಚ್ಚಲ ಒಲೆ, ಎಲ್ಲ ಹೊಗೆಯೇ. ನಮ್ಮಲ್ಲಿ ಬೀಡಿ ಮುಟ್ಟದ ಅತ್ತೆಗೂ ಇದೇ ಕಾಯಿಲೆ ಬಂತು.

ಪಿಎಫ್‌ಟಿ ಅಕ್ಕ:
ಮಾವ ಹೇಳಿದ್ದು ಸರಿ. ಈ ಸಲ ಒಲೆ ಮುಂದೆ ಅಪ್ಪಯ್ಯ ಕೂರುವುದು ಬೇಡ.

ತಂಗಿ, ಊದಿಸಿದ ಆ ಚೀಟಿ ಎಸೆಯಬೇಡಿ. ಎಫ್‌ಇವಿ1 ಅಂತ ಲೀಟರ್‌ನಲ್ಲಿ ಒಂದು ಸಂಖ್ಯೆ ಇರುತ್ತೆ: ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ. ವರ್ಷ ಬಿಟ್ಟು ಮತ್ತೆ ಊದಿಸಿ, ಎರಡನ್ನೂ ಪಕ್ಕಪಕ್ಕ ಇಡಿ. ಕಾಯಿಲೆ ಯಾವ ವೇಗದಲ್ಲಿ ಹೋಗುತ್ತಿದೆ ಅಂತ ಅಪ್ಪಯ್ಯನದ್ದೇ ಲೆಕ್ಕ ಸಿಗುತ್ತೆ. ಶೀತ, ಕಫ ಜೋರಿದ್ದಾಗ ಬರಬೇಡಿ. ಹಲ್ಲಿನ ಸೆಟ್ ಸಡಿಲ ಇಲ್ಲದಿದ್ದರೆ ತೆಗೆಸಬೇಡಿ, ತೆಗೆದರೆ ತುಟಿ ಪಕ್ಕದಿಂದ ಗಾಳಿ ಸೋರುತ್ತೆ. "ಇನ್ನೂ ಊದಿ, ಇನ್ನೂ, ಇನ್ನೂ" ಅಂತ ನಾವು ಕೂಗಿದರೆ ಬೇಜಾರು ಮಾಡಿಕೊಳ್ಳಬಾರದು, ಪೂರ್ತಿ ಖಾಲಿಯಾಗುವವರೆಗೂ ಊದಲೇಬೇಕು.

ಬೀಡಿ ಬಿಟ್ಟರೆ ಹೋದದ್ದು ವಾಪಸ್ ಬರಲ್ಲ, ಆದರೆ ಇಳಿಯುವ ವೇಗ ನಿಧಾನವಾಗುತ್ತೆ. 61ಕ್ಕೂ ತಡವಾಗಿಲ್ಲ ಅಂತ ಅಪ್ಪಯ್ಯನಿಗೆ ಹೇಳಿ. ಒಪ್ಪದಿದ್ದರೆ ಕರಕೊಂಡು ಬನ್ನಿ, ಚೀಟಿ ಹಿಡಿದು ನಾನೇ ಕೂತು ಮಾತಾಡ್ತೇನೆ.